ಠಾಣೆಯ ಬೋರ್ಡಿನಿಂದ ಇಳಿದ ನಗು

ಮಲ್ಲಣ್ಣ, ನನ್ನ ಹೆಗಲಿನ ಜೊತೆಗಾರನೇ,

ಮೊನ್ನೆ ಮತ್ತೆ ಹೋಗಿ ಠಾಣೆಯ ಆ ಬೋರ್ಡಿನ ಮುಂದೆ ನಿಂತೆ. ಫೋಟೋದಲ್ಲಿ ನೀನು ಇನ್ನೂ ನಗುತ್ತಲೇ ಇದ್ದೆ. ಎಡಕ್ಕೊಬ್ಬ ಜೇಬುಗಳ್ಳ, ಬಲಕ್ಕೊಬ್ಬ ಬೈಕ್ ಕಳ್ಳ, ಮಧ್ಯದಲ್ಲಿ ತರಗುಪೇಟೆಯ ಹಮಾಲಿ ಮಲ್ಲಣ್ಣ, ಮದುಮಗನ ಹಾಗೆ ಹಲ್ಲು ಬಿಟ್ಟುಕೊಂಡು. ಮೇಲೆ ಕೆಂಪು ಅಕ್ಷರದಲ್ಲಿ ‘ರೂಢಿಗತ ಕಳ್ಳರು, ಎಚ್ಚರಿಕೆ’. ನೀನು ಹೋಗಿ ಎರಡು ವರ್ಷವಾದರೂ ಜನ ನಿನ್ನಿಂದ ಎಚ್ಚರವಾಗಿರಬೇಕಂತೆ! ಬದುಕಿದ್ದಾಗಲೂ ನಿನ್ನ ಗೊರಕೆಯೊಂದನ್ನು ಬಿಟ್ಟರೆ ಯಾರಿಗೆ ಏನು ಅಪಾಯವಿತ್ತು, ಹೇಳು? ಆದರೆ ಈ ಸಲ ನನ್ನ ಕೈಯಲ್ಲಿ ಒಂದು ಕಾಗದವಿತ್ತು. ಅದು ಬಂದ ದಾರಿಯನ್ನು ನಿನಗೆ ಹೇಳಲೇಬೇಕು.

ಆ ಗೋಡಂಬಿ ಮೂಟೆ ನೆನಪಿದೆಯಲ್ಲ? ಮಂಡಿಯಲ್ಲಿ ಒಂದು ಮೂಟೆ ಕಮ್ಮಿ ಬಂತು. ಕೊನೆಗೆ ಇಳಿಸಿದವನು ನೀನು ಅಂತ ನಿನ್ನನ್ನೇ ಎಳೆದುಕೊಂಡು ಹೋದರು. ಮೂರು ದಿನ ಠಾಣೆಯಲ್ಲಿ ಕೂರಿಸಿದರು. ಮನೆಗೆ ಹೇಳಲಿಲ್ಲ, ಕೋರ್ಟಿಗೆ ತೋರಿಸಲಿಲ್ಲ. ನಿನ್ನ ಹೆಂಡತಿ, ನಮ್ಮ ಗಿರಿಜಕ್ಕ, ಚಾಮರಾಜಪೇಟೆಯ ಬೀದಿಬೀದಿ ನಿನ್ನನ್ನು ಹುಡುಕಿದ್ದಳು. ಕೊನೆಗೆ ಮೂಟೆ ಸಿಕ್ಕಿದ್ದೆಲ್ಲಿ? ಅದೇ ಗೋಡೌನಿನಲ್ಲಿ, ಬೆಲ್ಲದ ಅಟ್ಟಿಯ ಹಿಂದೆ. ನಿನ್ನನ್ನು ಬಿಟ್ಟರು, ಮೂಟೆಯನ್ನೂ ಬಿಟ್ಟರು. ಬೋರ್ಡಿನ ಮೇಲಿದ್ದ ಫೋಟೋವನ್ನು ಮಾತ್ರ ಬಿಡಲಿಲ್ಲ.

ಆ ಫೋಟೋ ತೆಗೆಯುವಾಗ ನಾನೂ ಅಲ್ಲೇ ಇದ್ದೆನಲ್ಲ. ಮೂರನೇ ದಿನ ನೀನು ಎಲ್ಲಿದ್ದೀಯ ಅಂತ ಗೊತ್ತಾಗಿ ಊಟದ ಡಬ್ಬಿ ತಂದಿದ್ದೆ. ಪೇದೆ ಗೋಡೆಗೆ ಒರಗಿಸಿ ನಿಲ್ಲಿಸಿದಾಗ ನಿನ್ನ ಮುಖ ಸುಣ್ಣವಾಗಿತ್ತು. ನನಗೆ ನೋಡಲಾಗಲಿಲ್ಲ. ಬಾಯಿ ಸುಮ್ಮನಿರುತ್ತದೆಯೇ?

“ಮಲ್ಲಣ್ಣೋ, ಹೆಣ್ಣಿನ ಕಡೆಯವ್ರಿಗೆ ಫೋಟೋ ಕಳಿಸ್ತಾವ್ರೆ, ಸ್ವಲ್ಪ ನಗು! ಈ ಮುಖ ನೋಡಿದ್ರೆ ಗಿರಿಜಕ್ಕನೂ ಒಪ್ಪಲ್ಲ!” ಅಂದೆ.

ನೀನು ಬಾಯಿ ತುಂಬ ನಕ್ಕೆ. ಕ್ಯಾಮೆರಾ ಅದೇ ಗಳಿಗೆಗೆ ಕ್ಲಿಕ್ ಅಂತು. ಮೇಜಿನ ಹಿಂದಿದ್ದವನು, “ನೋಡ್ರಿ, ಠಾಣೆಲಿ ನಿಂತ್ಕೊಂಡು ಹೆಂಗ್ ನಗ್ತಾನೆ! ಇವ್ನು ಹೊಸಬನಲ್ಲ, ಪಳಗಿದ ಗಿರಾಕಿ. ಬೋರ್ಡಿಗೆ ಹಾಕಿ” ಅಂದ.

ನನ್ನ ಜೋಕಿಗೆ ಬಿದ್ದ ಬೆಲೆ ಅದು. ನೀನು ಒಂದು ದಿನವೂ ನನ್ನನ್ನು ಅನ್ನಲಿಲ್ಲ. ಒಂದು ಸಲ ಬೈದಿದ್ದರೆ ನನಗೆ ಎಷ್ಟು ಹಗುರಾಗುತ್ತಿತ್ತು ಗೊತ್ತಾ…

ಆಮೇಲಿನ ದಿನಗಳೂ ಕಣ್ಣ ಮುಂದೆಯೇ ಇವೆ. ಪೇಟೆಯಲ್ಲಿ ಏನು ಕಳೆದರೂ ಮೊದಲು ನಿನಗೇ ಬುಲಾವ್. ಗಿರಿಜಕ್ಕ ಆ ಬೋರ್ಡು ಕಾಣಬಾರದೆಂದು ಎರಡು ಬೀದಿ ಸುತ್ತಿಕೊಂಡು ಹೂವು ತರಲು ಹೋಗುತ್ತಿದ್ದಳು. ಕೊನೆಗೆ ಒಂದು ದಿನ ನೀನೇ ಕೂತು, ಮೂಟೆಯ ಮೇಲೆ ಮಾರ್ಕು ಬರೆಯುವ ಹಾಗೆ ದಪ್ಪ ದಪ್ಪ ಅಕ್ಷರದಲ್ಲಿ ಮಾನವ ಹಕ್ಕುಗಳ ಕಚೇರಿಗೆ ಅರ್ಜಿ ಬರೆದೆ: ‘ನಾನು ಕಳ್ಳ ಅಲ್ಲ. ನನ್ನ ಫೋಟೋ ತೆಗೀರಿ.’ ಅಷ್ಟೇ. ವಕೀಲರು ಹತ್ತು ಪುಟ ಬರೆದರೂ ಅದಕ್ಕಿಂತ ಹೆಚ್ಚೇನು ಹೇಳುತ್ತಿದ್ದರು? ವಿಚಾರಣೆಗೆ ಕರೆ ಬಂತು. ಆದರೆ ಅದಕ್ಕೆ ಮುಂಚೆಯೇ ನಿನಗೆ ಮೇಲಿನವನ ಕರೆ ಬಂತು. ಎದೆ ಹಿಡಿದುಕೊಂಡವನು ಮತ್ತೆ ಏಳಲಿಲ್ಲ.

ನಿನ್ನ ತಿಥಿ ಮುಗಿದ ವಾರದಲ್ಲೇ ನಾನು ಆ ಕಚೇರಿಗೆ ಹೋದೆ. ಗುಮಾಸ್ತ ಕಡತ ಮಡಚಿದ. “ಅರ್ಜಿದಾರರು ತೀರ್ಕೊಂಡಿದಾರೆ. ಕೇಸು ಕ್ಲೋಸ್.”

“ಸಾರ್, ಅವನು ಕ್ಲೋಸ್ ಆದ. ಬೋರ್ಡು ಓಪನ್ನೇ ಇದೆಯಲ್ಲ?” ಅಂದೆ. ಅವನಿಗೂ ನಗು ಬಂತು. ಆದರೆ ಕಡತ ತೆರೆಯಲಿಲ್ಲ. ಸತ್ತವರ ಕೇಸನ್ನು ಬೇರೆಯವರು ಮುಂದುವರಿಸುವ ರೂಲ್ಸೇ ಇರಲಿಲ್ಲವಂತೆ. ಆದರೂ ನಾನು ತಿಂಗಳಿಗೊಂದು ಸಲ ಹೋಗಿ ಅವನಿಗೊಂದು ಜೋಕು ಹೇಳಿ ಬರುತ್ತಿದ್ದೆ. ಕಡತ ನನ್ನನ್ನು ಮರೆತರೂ ಗುಮಾಸ್ತ ಮರೆಯಬಾರದಲ್ಲ?

ಅದೇ ಗುಮಾಸ್ತ ಹೋದ ಬೇಸಿಗೆಯಲ್ಲಿ ಫೋನ್ ಮಾಡಿದಾಗ ನಾನು ತೊಗರಿ ಮೂಟೆಯ ಕೆಳಗಿದ್ದೆ. “ಕೆಂಪಣ್ಣ, ಫಾರಿನ್ನಿಂದ ಜನ ಬರ್ತಿದಾರೆ. ಅರ್ಜಿ ಹಾಕಿದವರ ಕಡೆಯೋರು ಯಾರಾದ್ರೂ ಬಂದು ಕಷ್ಟ ಹೇಳ್ಬೇಕಂತೆ. ಬರ್ತೀಯಾ?” ನಾನು ಬಿಡುತ್ತೇನೆಯೇ? ಮದುವೆಗೆ ಹೊಲಿಸಿದ್ದ ಅಂಗಿಯನ್ನೇ ಹಾಕಿಕೊಂಡೆ. ಗುಂಡಿ ಸೇರಲಿಲ್ಲ, ಮೇಲೆ ಟವೆಲ್ ಹಾಕಿಕೊಂಡೆ.

ಅಲ್ಲಿ ಉದ್ದದ ಮೇಜು, ಸುತ್ತ ಮೂರು ದೇಶದವರು. ಅವರೂ ಅವರ ಊರಿನ ಹಕ್ಕುಗಳ ಕಚೇರಿಯವರೇ. ಒಬ್ಬರ ಕಚೇರಿ ಹೇಗೆ ನಡೆಯುತ್ತದೆ ಅಂತ ಇನ್ನೊಬ್ಬರು ನೋಡುವುದು, ಒಳ್ಳೆಯದಿದ್ದರೆ ಕಲಿಯುವುದು, ತಪ್ಪಿದ್ದರೆ ಹೇಳುವುದು. ಮನೆಗೆ ಬೀಗರು ಬಂದ ಹಾಗೆ, ಆದರೆ ಇವರು ತಪ್ಪನ್ನು ಎದುರಿಗೇ ಹೇಳುತ್ತಾರೆ. ನನ್ನ ಮಾತನ್ನು ಇಂಗ್ಲಿಷಿನಲ್ಲಿ ಹೇಳಲು ಒಬ್ಬ ಮೇಡಂ ಪಕ್ಕದಲ್ಲಿದ್ದರು. ನಿನ್ನ ಕಥೆಯೆಲ್ಲ ಹೇಳಿದೆ. ಆಮೇಲೆ ಕೇಳಿದೆ:

“ಮೇಡಂ, ನಮ್ಮ ಮಂಡಿಲಿ ಒಂದು ರೂಢಿ ಐತೆ. ಮೂಟೆ ಹೊತ್ತೋನು ಮಧ್ಯದಲ್ಲಿ ಕುಸಿದ್ರೆ ಹಿಂದಿರೋನು ತಕ್ಷಣ ಹೆಗಲು ಕೊಡ್ತಾನೆ. ಅವನು ನಮ್ಮ ತಂಡದೋನಾ ಅಂತ ಕೇಳಲ್ಲ. ಮೂಟೆ ನೆಲ ಮುಟ್ಟೋ ಹಂಗಿಲ್ಲ. ನಾವು ಓದಿಲ್ಲದ ಜನ, ನಮ್ಮ ಹತ್ರನೇ ಬೀಳಲ್ಲ. ಇಷ್ಟು ಓದಿರೋ ನಿಮ್ಮ ಹತ್ರ ಮಲ್ಲಣ್ಣನ ಮೂಟೆ ಯಾಕ್ ಬಿತ್ತು?”

ಮೇಡಂ ಹೇಳಿ ಮುಗಿಸಿದ ಮೇಲೆ ನಗುವ ಬದಲು ಎಲ್ಲರೂ ಬರೆದುಕೊಳ್ಳತೊಡಗಿದರು. ಜೋಕು ಬಿದ್ದುಹೋಯಿತು ಅಂದುಕೊಂಡೆ. ಆಗ ನರೆಗೂದಲಿನ ಒಬ್ಬ ವಿದೇಶಿ ಹೆಂಗಸು ಮಾತಾಡಿದಳು. ಅವಳ ದೇಶದಲ್ಲೂ ಮೊದಲು ಹೀಗೇ ಬೀಳುತ್ತಿತ್ತಂತೆ. ಈಗ ಅರ್ಜಿ ಹಾಕಿದವನು ಸತ್ತರೆ ಮನೆಯವರಾಗಲಿ, ಜೊತೆ ಕೆಲಸದವರಾಗಲಿ ಮುಂದುವರಿಸಬಹುದಂತೆ. ಆ ನಿಯಮವನ್ನು ಬರೆದು ಕಳಿಸುತ್ತೇನೆ ಅಂದಳು. ನಮ್ಮ ಕಚೇರಿಯ ದೊಡ್ಡ ಸಾಹೇಬರು, “ಕಳಿಸಿ. ನಮ್ಮಲ್ಲೂ ಆಗ್ಬೇಕು ಇದು” ಅಂದರು. ಅವಳೂ ಬರಿಗೈಯಲ್ಲಿ ಹೋಗಲಿಲ್ಲ, ಮಲ್ಲಣ್ಣ. ನಿನ್ನ ಅರ್ಜಿಯ ನಕಲು ಇಸಕೊಂಡಳು. ಅವರಲ್ಲಿ ಅರ್ಜಿಗೆ ದೊಡ್ಡ ಫಾರಂ ಇದೆಯಂತೆ, ನಮ್ಮಲ್ಲಿ ಬಿಳಿ ಹಾಳೆಯಲ್ಲಿ ಎರಡೇ ಸಾಲು ಬರೆದರೂ ನಡೆಯುತ್ತದೆ ಅನ್ನುವುದನ್ನು ಅವಳ ಜನಕ್ಕೆ ತೋರಿಸಬೇಕಂತೆ. ನಿನ್ನ ಅಕ್ಷರ ಫಾರಿನ್ನಿಗೆ ಹೋಯಿತು. ನೀನು ತುಮಕೂರು ದಾಟಿರಲಿಲ್ಲ!

ಹೊಸ ನಿಯಮ ಬರಲು ಹಲವು ತಿಂಗಳು ಹಿಡಿಯಿತು. ಮೊದಲು ತೆರೆದದ್ದು ನಿನ್ನ ಕಡತ. ಅರ್ಜಿದಾರರು ಎಂಬ ಜಾಗದಲ್ಲಿ ನಿನ್ನ ಹೆಸರು, ಕೆಳಗೆ ‘ಹೆಗಲು ಕೊಟ್ಟವರು: ಕೆಂಪಣ್ಣ’ ಅಂತ ಗುಮಾಸ್ತ ಪೆನ್ಸಿಲಿನಲ್ಲಿ ಬರೆದಿದ್ದ. ಸಾಹೇಬರು ನೋಡಿ ಅಳಿಸಿದರಂತೆ. ಅಳಿಸಲಿ ಬಿಡು. ವಿಚಾರಣೆ ನಡೆಯಿತು, ಗಿರಿಜಕ್ಕ ಹೇಳಿಕೆ ಕೊಟ್ಟಳು, ಮಂಡಿಯ ಯಜಮಾನರೂ ಬಂದು ಬೆಲ್ಲದ ಅಟ್ಟಿಯ ವಿಷಯ ಒಪ್ಪಿಕೊಂಡರು. ಕೊನೆಗೆ ಆದೇಶ: ಫೋಟೋ ಇಳಿಸಿ, ಪಟ್ಟಿಯಿಂದ ಹೆಸರು ತೆಗೆದು, ಹೆಂಡತಿಗೆ ಕ್ಷಮೆಯ ಪತ್ರ ಕೊಡಬೇಕು. ಇನ್ನು ಮುಂದೆ ಕೋರ್ಟು ತಪ್ಪಿತಸ್ಥ ಅನ್ನದವನ ಫೋಟೋ ಯಾವ ಠಾಣೆಯ ಬೋರ್ಡಿನಲ್ಲೂ ಇರಬಾರದು.

ಮೊನ್ನೆ ನಾನು ಹಿಡಿದು ನಿಂತಿದ್ದು ಅದೇ ಕಾಗದ. ಹೊಸ ಇನ್‌ಸ್ಪೆಕ್ಟರ್ ಚಿಕ್ಕ ವಯಸ್ಸಿನವಳು. ತಾನೇ ಕುರ್ಚಿ ಹತ್ತಿ ಪಿನ್ನು ಕಿತ್ತಳು. “ಹರಿದು ಹಾಕ್ಬಿಡ್ಲಾ?” ಅಂದಳು.

“ಅಯ್ಯೋ ಬೇಡಮ್ಮ! ನಮಗಿರೋದು ಇದೊಂದೇ!” ಅಂದೆ.

ನಿಜ ತಾನೇ? ಮದುವೆ ಫೋಟೋದಲ್ಲಿ ಬಾಸಿಂಗದ ಹಿಂದೆ ನಿನ್ನ ಮುಖವೇ ಇಲ್ಲ. ಫೋಟೋ ತೆಗೆಯಲು ಯಾರು ಫೋನ್ ಎತ್ತಿದರೂ ನೀನು ಮುಖಕ್ಕೆ ಟವೆಲ್ ಅಡ್ಡ ಹಿಡಿಯುತ್ತಿದ್ದೆ. ಆಧಾರ್ ಕಾರ್ಡಿನಲ್ಲಿ ಯಾರದೋ ಸೋದರಮಾವನ ಹಾಗಿದ್ದೀಯ. ಎರಡು ವರ್ಷ ಗಿರಿಜಕ್ಕ ಗೋಡೆಯ ಬರೀ ಮೊಳೆಗೇ ಹೂವು ಮುಡಿಸಿದ್ದಾಳೆ. ಗಾಂಧಿ ಬಜಾರಿನಲ್ಲಿ ಚೌಕಟ್ಟು ಹಾಕಿಸಿದೆ. ಅಂಗಡಿಯವನು, “ಎಷ್ಟು ಚೆನ್ನಾಗಿ ನಗ್ತಿದಾರೆ, ಯಾವ ಸ್ಟುಡಿಯೋ?” ಅಂದ. ಸರ್ಕಾರಿ ಸ್ಟುಡಿಯೋ ಅಂದೆ.

ಈಗ ನಿನ್ನ ಮನೆಯಲ್ಲೇ, ನಿನ್ನ ಫೋಟೋದ ಕೆಳಗೇ ಕೂತು ಬರೆಯುತ್ತಿದ್ದೇನೆ. ಗಿರಿಜಕ್ಕ ಬೆಳಿಗ್ಗೆ ಠಾಣೆಯ ಮುಂದಿನ ನೇರ ದಾರಿಯಲ್ಲೇ ನಡೆದು ಹೋಗಿ ಸೇವಂತಿಗೆ ತಂದಳು. ಬೋರ್ಡಿನಲ್ಲಿ ನಿನ್ನ ಬಲಕ್ಕಿದ್ದ ಆ ಬೈಕ್ ಕಳ್ಳನೂ ಕಳ್ಳ ಅಲ್ಲವಂತೆ, ಆದೇಶವಿದ್ದರೂ ಅವನ ಫೋಟೋ ಇನ್ನೂ ಇಳಿದಿಲ್ಲ ಅಂತ ಅವನ ತಾಯಿ ನನ್ನನ್ನು ಹುಡುಕಿಕೊಂಡು ಬಂದಿದ್ದಳು. ಸೋಮವಾರ ಅವಳನ್ನು ಕಚೇರಿಗೆ ಕರೆದುಕೊಂಡು ಹೋಗುತ್ತೇನೆ, ನಿನ್ನ ಮೇಲಾಣೆ. ಒಂದು ಕೆಲಸ ಮಾತ್ರ ಬಾಕಿ ಇದೆ. ನೀನು ಅವತ್ತು ಯಾಕೆ ನಕ್ಕೆ ಅಂತ ಗಿರಿಜಕ್ಕನಿಗೆ ನಾನು ಇವತ್ತಿನವರೆಗೂ ಹೇಳಿಲ್ಲ. ನನ್ನ ಬಾಯಿಂದಲೇ ನಿನ್ನ ಮಾನ ಹೋಯಿತು ಅಂತ ಹೇಗೆ…

ಅಡುಗೆಮನೆಯಿಂದ ಕೂಗುತ್ತಿದ್ದಾಳೆ, ತಡಿ.

“ಕೆಂಪಣ್ಣಾ, ಎಲೆ ಹಾಕಿದೀನಿ, ಬಾ! ಮುದ್ದೆ ಆರೋಗತ್ತೆ. ಅವತ್ತು ಠಾಣೆಲಿ ಅವ್ರನ್ನ ಏನ್ ಹೇಳಿ ನಗಿಸ್ದೆ ಅಂತ ಉಣ್ತಾ ಹೇಳು. ನೀನಲ್ದೆ ಇನ್ಯಾರು ನಗಿಸ್ತಿದ್ರು ಅವ್ರನ್ನ? ನನಗೂ ಒಂದ್ಸಲ ನಗ್ಬೇಕು ಕಣೋ!”