ನಿಶಾಂತನಿಗೆ ಯಾರೂ ಹೇಳದ ಮಾತು

ಭದ್ರಾವತಿ,
೧೪ ಆಗಸ್ಟ್ ೨೦೨೪

ನನ್ನ ಮುದ್ದು ಭೂಮಿಕಾ,

ಹೇಗಿದ್ದೀಯಮ್ಮಾ? ಧಾರವಾಡದ ಆಸ್ಪತ್ರೆಯ ಊಟ ಈಗಲಾದರೂ ಸೇರುತ್ತಿದೆಯೇ? ಮಾತ್ರೆಯಿಂದ ಕೈ ನಡುಗುತ್ತಿತ್ತಲ್ಲ, ಕಡಿಮೆಯಾಯಿತೇ? ಅಳಿಯಂದಿರು ತೀರಿಕೊಂಡ ಮೇಲೆ ನಿಂತುಹೋದ ನಿನ್ನ ಮಾತು ಇನ್ನೂ ಮರಳಿಲ್ಲ ಎಂದು ನರ್ಸಮ್ಮ ಫೋನಿನಲ್ಲಿ ಹೇಳಿದರು. ಅವಸರ ಮಾಡಿಕೊಳ್ಳಬೇಡ. ನನ್ನ ಸೊಂಟದ ಮೂಳೆ ಕೂಡಿಕೊಂಡಿದೆ. ವಾಕರ್ ಹಿಡಿದು ಬಚ್ಚಲಿಗೆ ಒಬ್ಬಳೇ ಹೋಗಿಬರುತ್ತೇನೆ.

ಮೊನ್ನೆ ರಂಜಿನಿ ಬಂದಿದ್ದಳು. ನಾನು ಬಿದ್ದು ಹಾಸಿಗೆ ಹಿಡಿದಾಗ ನಿನ್ನ ಕಂದ ನಿಶಾಂತನನ್ನು ಶಿವಮೊಗ್ಗದ ಸರ್ಕಾರಿ ಮಕ್ಕಳ ಮನೆಯಲ್ಲಿ ಬಿಟ್ಟರಲ್ಲ, ಆ ಕಚೇರಿಯ ಹುಡುಗಿ. ಮಕ್ಕಳ ರಕ್ಷಣೆಯ ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಆಡಿಯೋ ಪಾಠ ಮಾಡುತ್ತಿದ್ದಾರಂತೆ. "ಬಸ್ಸಲ್ಲಿ ಓಡಾಡ್ತಾ ಕೇಳ್ತಾರೆ ವಸಂತಮ್ಮ. ನಾವು ಹೇಳಿದ್ರೆ ಬರೀ ಪಾಠ ಆಗತ್ತೆ. ಆ ದಿನ ಮನೇಲಿ ಹೇಗಾಯ್ತು ಅಂತ ನೀವೇ ಹೇಳ್ತೀರಾ?" ಎಂದು ಫೋನನ್ನು ಸ್ಟೂಲಿನ ಮೇಲಿಟ್ಟಳು. ಹಿಂದಿನ ಮನೆಯ ಮಿಕ್ಸಿ ನಿಂತ ಮೇಲೆ ರೆಕಾರ್ಡಿಂಗ್ ಶುರುಮಾಡಿದಳು.

ಇದ್ದದ್ದನ್ನು ಹೇಳಿದೆ. ಅವನನ್ನು ಕರೆದೊಯ್ಯಲು ಬಂದವರು ಒಳ್ಳೆಯವರೇ. ನನ್ನ ಹತ್ತಿರ ಮಾತಾಡಿದರು, ಅಕ್ಕಪಕ್ಕದವರ ಹತ್ತಿರ ಮಾತಾಡಿದರು. ಮಗುವಿಗೆ ಮಾತ್ರ ಯಾರೂ ಏನೂ ಹೇಳಲಿಲ್ಲ. ಅವನು ಶಾಲೆಗೆಂದುಕೊಂಡು ಬ್ಯಾಗು ಹಾಕಿಕೊಂಡ. "ಅಜ್ಜಿ, ಸಂಜೆ ಬರ್ತೀನಿ" ಎಂದು ಜೀಪು ಹತ್ತಿದ. "ರಾತ್ರಿ ಎಲ್ಲಿ ಮಲಗ್ತೀಯ, ಅಜ್ಜಿನ ಮತ್ತೆ ಯಾವಾಗ ನೋಡ್ತೀಯ, ಅಷ್ಟನ್ನಾದ್ರೂ ಮಗುವಿಗೆ ಹೇಳಿ" ಎಂದು ಆ ಫೋನಿಗೆ ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡೆ. ರಂಜಿನಿಯೂ ಅತ್ತಳು. ಅಂದು ಜೀಪಿನ ಮುಂದಿನ ಸೀಟಿನಲ್ಲಿ ಕೂತಿದ್ದವಳು ಅವಳೇ. "ಆಂಟಿ, ನಮ್ ಸ್ಕೂಲು ದಾಟೋಯ್ತು" ಎಂದು ಅವನು ದಾರಿಯುದ್ದಕ್ಕೂ ಹೇಳುತ್ತಿದ್ದನಂತೆ.

ಭಾನುವಾರ ಪಕ್ಕದ ಮನೆಯ ಪರಶುರಾಮ ನನ್ನನ್ನು ಎತ್ತಿ ತನ್ನ ಆಟೋದಲ್ಲಿ ಕೂರಿಸಿಕೊಂಡು ಶಿವಮೊಗ್ಗಕ್ಕೆ ಕರೆದೊಯ್ದ. ನಿಶಾಂತ ಮೈ ತುಂಬಿಕೊಂಡಿದ್ದಾನೆ. ತಾನೇ ಸ್ನಾನ ಮಾಡುತ್ತಾನೆ, ತಟ್ಟೆ ತೊಳೆದಿಡುತ್ತಾನೆ. ನಾನು ನಿಂತು ಅಡುಗೆ ಮಾಡುವಂತಾದ ಮೇಲೆ ಮನೆಗೆ ಕಳಿಸುತ್ತಾರಂತೆ. ನಾನು ಹೊರಟಾಗ ಅವನು ಅಳಲಿಲ್ಲ. ಅಳದೇ ಇದ್ದದ್ದೇ ನನಗೆ ಹೆಚ್ಚು ಸಂಕಟವಾಯಿತು.

ನಿನ್ನನ್ನು ನೋಡಿಕೊಳ್ಳುವ ನರ್ಸಮ್ಮನಿಗೆ ನನ್ನ ನಮಸ್ಕಾರ. ದೇವರು ನಿನಗೆ ಕಣ್ತುಂಬ ನಿದ್ದೆ ಕೊಡಲಿ ಮಗಳೇ.

ನಿನ್ನ ಅಮ್ಮ,
ವಸಂತಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲಲಿಲ್ಲ. "ಅಜ್ಜಿ, ಅಮ್ಮನ ದನಿ ಹೆಂಗಿತ್ತು? ನಂಗೆ ಮರ್ತೋಗ್ತಿದೆ" ಎಂದು ನಿಶಾಂತ ಕೇಳಿದ. ನಿನ್ನ ಹಾಗೆ ಕರೆದು ತೋರಿಸಲು ನೋಡಿದೆ, ನನಗೆ ಬರಲಿಲ್ಲ. ಮುಂದಿನ ಗುರುವಾರ ರಂಜಿನಿ ನಿನ್ನ ದನಿ ರೆಕಾರ್ಡ್ ಮಾಡಿಕೊಳ್ಳಲು ಅಲ್ಲಿಗೆ ಬರುತ್ತಾಳೆ; ಡಾಕ್ಟರು ಒಪ್ಪಿದ್ದಾರೆ. ಪಾಠಕ್ಕಲ್ಲಮ್ಮ, ಅವನೊಬ್ಬನಿಗೆ. ಅವನ ಹೆಸರು ಒಂದು ಸಲ ಕರೆ. ಅದೂ ಆಗದಿದ್ದರೆ, ಅವನನ್ನು ತಟ್ಟಿ ಮಲಗಿಸುವಾಗ ಬಾಯಿ ಮುಚ್ಚಿಕೊಂಡೇ ಗುನುಗುತ್ತಿದ್ದೆಯಲ್ಲ, ಅಷ್ಟು ಸಾಕು.