ಕೇಳದೆ ಬರೆದ ‘ಇಲ್ಲ’

ಮಂಗಳವಾರ, ಹನ್ನೊಂದನೇ ತಾರೀಕು.

ಸಿಟ್ಟು ಇನ್ನೂ ಇಳಿದಿಲ್ಲ. ನಮ್ಮ ಎಚ್‌ಐವಿ ಕ್ಲಿನಿಕ್ಕಿಗೆ ಒಂಬತ್ತು ವರ್ಷಗಳಿಂದ ಚಿಕಿತ್ಸೆಗೆ ಬರುತ್ತಿರುವ ಟೈಪಿಸ್ಟ್ ಅಜ್ಜಿಯ ಲಿವರ್ ಕೆಟ್ಟಿದೆ. ಫೈಲು ತೆಗೆದರೆ, ‘ಕುಡಿತ’ ಎಂಬಲ್ಲಿ ಪ್ರತಿ ವರ್ಷವೂ ‘ಇಲ್ಲ’.

ಡಾಕ್ಟರು ನಕ್ಕುಬಿಟ್ಟರು. “ಅರವತ್ತೆಂಟರ ಅಜ್ಜಿನ ಕುಡೀತೀರಾ ಅಂತ ಕೇಳೋಕಾಗುತ್ತಾ ಸಿಸ್ಟರ್?”

ಮೈಯೆಲ್ಲ ಉರಿಯಿತು. ನೆಟ್ಟಗೆ ಹೋಗಿ ಅಜ್ಜಿಯನ್ನೇ ಕೇಳಿದೆ.

“ದಿನಾ ಕುಡೀತೀನಮ್ಮ, ಯಜಮಾನ್ರು ಹೋದಾಗಿಂದ. ಎಷ್ಟೋ ದಿನ ಮಾತ್ರೆ ನುಂಗೋದೇ ಮರೆತುಹೋಗುತ್ತೆ.”

“ಇಷ್ಟು ವರ್ಷ ಯಾಕಜ್ಜಿ ಹೇಳ್ಲಿಲ್ಲ?”

“ನೀವ್ಯಾರೂ ಕೇಳ್ಲೇ ಇಲ್ವಲ್ಲ. ಕೇಳಿದ್ರೆ ಅವತ್ತೇ ಹೇಳ್ತಿದ್ದೆ.”

ದಾರಿಯುದ್ದಕ್ಕೂ ಡಾಕ್ಟರನ್ನು ಬೈದುಕೊಳ್ಳುತ್ತ ಮನೆಗೆ ಬಂದೆ. ಆದರೆ ಹೋದ ವರ್ಷದ ‘ಇಲ್ಲ’ ನನ್ನದೇ ಕೈಬರಹ. ಅದರ ಹಿಂದಿನ ವರ್ಷದ್ದೂ. ಇನ್ನು ಯಾವ ಬಾಯಲ್ಲಿ ನಾನು ಅವರನ್ನು ಬೈಯಲಿ?