ಮಾವನ ಗನ್ನಿನ ಕೊಂಡಿ

ಭದ್ರಾವತಿ, 11 ಸೆಪ್ಟೆಂಬರ್ 1938, ಭಾನುವಾರ

ಬೆಳಗಿನ ರೈಲಿಗೆ ಶಿವಮೊಗ್ಗ. ಮಾವ ಮನೆಯಲ್ಲಿ ಸಿಗುವುದಿಲ್ಲವೆಂದು ನೇರ ಶೆಡ್ಡಿಗೇ ಹೋದೆ. ಬಸ್ಸಿನ ಬಾಡಿ ಕಟ್ಟುವವರಿಗೆ ಭಾನುವಾರವೂ ಇಲ್ಲ. ಉಜ್ಜನಪ್ಪ ನನ್ನ ಹೆಂಡತಿ ಹೂವಿಗೆ ಅಪ್ಪ, ನನಗೆ ಸೋದರಮಾವ. ಎರಡು ಕಡೆಯಿಂದಲೂ ಬೈಸಿಕೊಳ್ಳುವವನು ನಾನೇ.

ಬೇಸಿಗೆಯಲ್ಲಿ ಲಕ್ವ ಹೊಡೆದ ಮೇಲೆ ಮಾವನ ಎಡಗೈಗೆ ಶಕ್ತಿ ಇಲ್ಲ. ಬಲಗೈ ಹಾಗೇ ಇದೆ — ಸ್ಪ್ರೇ ಗನ್ ಹಿಡಿದು ಬಸ್ಸಿನ ಉದ್ದಕ್ಕೂ ಒಂದು ಸಲ ನಡೆದರೆ ಆ ಬಣ್ಣದಲ್ಲಿ ಮುಖ ನೋಡಿಕೊಳ್ಳಬಹುದು. ಆದರೆ ಗನ್ನಿನ ಕೆಳಗಿನ ಬಣ್ಣದ ಕಪ್ ಬಿಚ್ಚಲು ಎಡಗೈಯಿಂದ ತಿರುಪು ಸುತ್ತಬೇಕು. ಆಗದು. ಬಣ್ಣ ಬದಲಿಸುವಾಗೆಲ್ಲ ಯಾರನ್ನಾದರೂ ಕೂಗಬೇಕು.

ಶೆಡ್ಡಿನ ಯಜಮಾನರು ನನ್ನನ್ನು ಪಕ್ಕಕ್ಕೆ ಕರೆದರು. "ದೀಪಾವಳಿವರೆಗೆ ನೋಡ್ತೀನಿ. ಅಷ್ಟರೊಳಗೆ ಒಬ್ರೇ ಮಾಡ್ಕೊಳ್ಳೋ ಹಾಗಾಗ್ಲಿ. ಇಲ್ದಿದ್ರೆ ಬೇರೆಯವ್ರನ್ನ ತಗೋಬೇಕಾಗುತ್ತೆ." ಕೆಟ್ಟ ಮನುಷ್ಯರಲ್ಲ. ಅದೇ ಕಷ್ಟ.

ಮಾವ ಸ್ಟೇಷನ್ ತನಕ ಬಂದರು. "ಮನೇಲಿ ಕೂತ್ರೆ ಸತ್ತೇ ಹೋಗ್ತೀನಿ ಮಾರಾಯ," ಅಂದರು. ನಗುತ್ತಲೇ.

15 ಸೆಪ್ಟೆಂಬರ್

ತಿರುಪೇ ಬೇಡ. ಕಪ್ಪಿನ ಕುತ್ತಿಗೆಗೆ ಎದುರುಬದುರು ಎರಡು ಮೊಳೆ. ಗನ್ನಿನ ಕೆಳಗೆ ಕೂರಿಸುವ ಬಳೆಯಲ್ಲಿ ಎರಡು ಸೀಳು. ಕಪ್ ಮೇಜಿನ ಮೇಲಿಟ್ಟು, ಎಡ ಮೊಣಕೈಯಲ್ಲಿ ಒತ್ತಿಹಿಡಿದು, ಬಲಗೈಯಿಂದ ಗನ್ ಕಾಲು ಸುತ್ತು ತಿರುಗಿಸಿದರೆ ಮೊಳೆ ಸೀಳಿನ ಕೊನೆಗೆ ಹೋಗಿ ಕೂರಬೇಕು. ತಾನಾಗಿ ಬಿಚ್ಚದಂತೆ ಸ್ಪ್ರಿಂಗಿನ ನಾಲಿಗೆ — ಹಳೆ ಗಡಿಯಾರದ್ದು. ಬಿದ್ದರೆ ಟಕ್. ಬಿಚ್ಚಲು ಹೆಬ್ಬೆರಳಲ್ಲಿ ಒತ್ತಿದರೆ ಸಾಕು.

ನಮ್ಮ ಕಾರ್ಖಾನೆಯ ಫೋರ್‌ಮನ್ ಒಪ್ಪಿದರು, ಊಟದ ಹೊತ್ತಲ್ಲಿ ಲೇತ್ ಮುಟ್ಟಬಹುದು. ಊಟ ಬಿಟ್ಟೆ.

ಮೊದಲನೆಯದು ಸೋರಿತು. ತೊಗಲಿನ ವಾಷರ್ ಹಾಕಬೇಕು.

25 ಸೆಪ್ಟೆಂಬರ್, ಭಾನುವಾರ

ಕೊಂಡಿ ಕೂತಿತು. ಮಾವ ತಾವೇ ಹಾಕಿದರು. ಟಕ್. ಬಿಚ್ಚಿದರು, ಹಾಕಿದರು, ಬಿಚ್ಚಿದರು... ಮಗ್ಗಿ ಒಪ್ಪಿಸಿದ ಹಾಗೆ.

"ಸದ್ದು ಬಂದ್ರೆ ಕೂತಿದೆ ಅಂತ. ಬರದಿದ್ರೆ ಇಲ್ಲ. ಅಷ್ಟು ನೆನಪಿಡಿ ಮಾವ."

"ನನ್ನ ಕಿವಿಗೆ ಲಕ್ವ ಹೊಡ್ದಿಲ್ಲ, ಹೋಗೋ."

ಕಣ್ಣಲ್ಲಿ ನೀರಿತ್ತು. ಥಿನ್ನರ್ ವಾಸನೆ ಅಂದರು. ಇರಬಹುದು.

2 ಅಕ್ಟೋಬರ್, ಆಯುಧಪೂಜೆ

ಹೂವಿಯೂ ಶೆಡ್ಡಿಗೆ ಬಂದಳು. ಶ್ರಾವಣದಲ್ಲಿ ನಮ್ಮ ಮಗು ಹೋದ ಮೇಲೆ ಅವಳು ಕುಂಕುಮದ ಬಟ್ಟಲು ಮುಟ್ಟಿರಲಿಲ್ಲ. ಇವತ್ತು ತಾನೇ ಅರಿಶಿನ ಕುಂಕುಮ ಕಲಸಿದಳು. ಕಂಪ್ರೆಸರ್‌ಗೆ, ಸುತ್ತಿಗೆಗೆ, ಅಪ್ಪನ ಗನ್ನಿಗೆ ಹಚ್ಚಿದಳು. ಕೊಂಡಿಯ ಸುತ್ತ ಬೆರಳು ತುಂಬ.

"ಇದಕ್ಕೆ ಜಾಸ್ತಿ. ಇದು ನಿಮ್ ಕೆಲ್ಸ, ನಮ್ಮಪ್ಪನ ಅನ್ನ."

ಮಾವ ಮಗಳ ಮುಖವನ್ನೇ ನೋಡುತ್ತಿದ್ದರು. ನನಗೂ ಸಂತೋಷವಾಯಿತು. ಬಹಳ ದಿನದ ಮೇಲೆ.

5 ಅಕ್ಟೋಬರ್

ಶೆಡ್ಡಿನ ಗಣಪಯ್ಯ ಸಂಜೆ ಬಂದು ಹೇಳಿದ. ನಿನ್ನೆ ಹಬ್ಬ ಕಳೆದು ಮೊದಲ ಕೆಲಸ. ಮಾವ ಗನ್ ಎತ್ತಿದರು, ನಾಲ್ಕು ಹೆಜ್ಜೆ ನಡೆದರು, ಕಪ್ ಕಳಚಿ ಬಿತ್ತು. ಮುಗಿದ ಬಸ್ಸಿನ ಬಿಳಿ ಬಾಗಿಲ ಮೇಲೆಲ್ಲ ಹಸಿರು ಬಣ್ಣ. ಯಜಮಾನರು ಬೈಯಲಿಲ್ಲವಂತೆ. "ಸಾಕು ಉಜ್ಜನಪ್ನೋರೇ, ವಿಶ್ರಾಂತಿ ತಗೊಳ್ಳಿ" ಅಂದರಂತೆ.

ಹೂವಿ ಒಲೆ ಮುಂದೆ ಕೂತವಳು ಏಳಲೇ ಇಲ್ಲ.

9 ಅಕ್ಟೋಬರ್, ಭಾನುವಾರ

ಗನ್ ಇನ್ನೂ ಶೆಡ್ಡಿನಲ್ಲೇ ಬಿದ್ದಿತ್ತು. ಸೀಳಿನೊಳಗೆ ಕಡ್ಡಿ ಹಾಕಿದೆ. ಕೆಂಪು. ಕೊನೆಯಲ್ಲಿ ಕುಂಕುಮ ಒಣಗಿ ಮಣ್ಣಿನಂತೆ ಕೂತಿದೆ. ಮೊಳೆ ಪೂರ್ತಿ ಹೋಗಿಲ್ಲ, ನಾಲಿಗೆ ಬಿದ್ದೇ ಇಲ್ಲ.

ಯಜಮಾನರ ಹತ್ತಿರ ಹೋಗಿ ಸೀಳು ಕೊರೆದದ್ದರಲ್ಲಿ ನನ್ನದೇ ತಪ್ಪಾಗಿದೆ ಅಂದೆ. ಅವರು ತಲೆ ಅಲ್ಲಾಡಿಸಿದರು. "ಕೈ ಜಾರಿತು ಅಂತ ಅವ್ರೇ ಒಪ್ಕೊಂಡ್ರಲ್ರೀ." ಹೊಸಬ ಆಗಲೇ ಬಂದಿದ್ದ.

ಗನ್ ಹಿಡಿದು ಮಾವನ ಮನೆಗೆ ಹೋದೆ. ಮಾವ ಜಗಲಿಯಲ್ಲಿದ್ದರು.

"ಮಾವ, ನಿಮ್ಮ ಕೈ ತಪ್ಪಲ್ಲ. ಸೀಳಲ್ಲಿ ಕುಂಕುಮ..."

"ಗೊತ್ತು."

"ಸದ್ದು ಬರಲಿಲ್ವಾ?"

"ಎರಡು ಸಲ ತಿರುಗಿಸ್ದೆ. ಬರ್ಲಿಲ್ಲ. ಒರೆಸಿದ್ರೆ ಬರ್ತಿತ್ತು." ಎಡಗೈಯನ್ನು ಬಲಗೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡರು. "ಆಯುಧಕ್ಕೆ ಇಟ್ಟ ಕುಂಕುಮ ನಾವಾಗಿ ಒರೆಸ್ತೀವೇನೋ? ಕೆಲ್ಸದಲ್ಲೇ ಅಳಿಸಿ ಹೋಗ್ಬೇಕು. ಅದೂ ಆ ಹುಡುಗಿ, ಮಗು ಹೋದ್ಮೇಲೆ ಮೊದಲ್ನೇ ಸಲ ಇಟ್ಟಿದ್ದು. ಅರ್ಧ ಹಿಡ್ದಿದೆ, ಒಂದು ಕೋಟ್ ಬಣ್ಣ ಹೊಡೆಯೋ ತನಕ ತಡೀಬಹುದು ಅಂದ್ಕೊಂಡೆ."

ನನಗೆ ಸಿಟ್ಟು ಬಂತು. ಯಾರ ಮೇಲೆಂದು ಗೊತ್ತಾಗಲಿಲ್ಲ.

"ಅವಳಿಗೆ ಹೇಳ್ಬೇಡ. ಒಂದು ದುಃಖ ಹೊತ್ಕೊಂಡಿದಾಳೆ, ಸಾಕು."

ಆಯಿತು ಅಂದೆ. ಸೀಳು ತೊಳೆದು, ಗನ್ ಗೋಡೆಗೆ ನೇತುಹಾಕಿ ಬಂದೆ.

18 ಡಿಸೆಂಬರ್, ಭಾನುವಾರ

ಶಿವಮೊಗ್ಗ. ಮಾವ ಜಗಲಿಯಲ್ಲೇ. ಖಾಲಿ ಕಪ್ ಹಾಕುತ್ತಾರೆ, ಬಿಚ್ಚುತ್ತಾರೆ. ಟಕ್, ಟಕ್. ಮಾತು ಕಡಿಮೆ. ಬೈಯುವುದನ್ನೂ ಬಿಟ್ಟಿದ್ದಾರೆ.

9 ಜುಲೈ 1939

ಮಾವ ಹೋಗಿ ಮೂರು ದಿನ. ಬರೆಯಲು ಏನೂ ಇಲ್ಲ. ಗನ್ ನಾವು ತಂದೆವು.

21 ಅಕ್ಟೋಬರ್ 1939, ಆಯುಧಪೂಜೆ. ಬೆಳಿಗ್ಗೆ

ಹೂವಿ ಮಣೆಯ ಮೇಲೆ ನನ್ನ ಸ್ಪ್ಯಾನರ್‌ಗಳನ್ನು ಜೋಡಿಸಿದಳು, ನಡುವೆ ಅಪ್ಪನ ಗನ್. ಕೊಂಡಿಗೆ ಈ ವರ್ಷವೂ ಬೆರಳು ತುಂಬ ಕುಂಕುಮ.

"ಇಷ್ಟು ಚೆನ್ನಾಗಿ ಮಾಡ್ಕೊಟ್ಟಿದ್ರಿ," ಅಂದಳು. "ಸದ್ದು ಬಂತೋ ಇಲ್ವೋ ಕೇಳಿಸ್ಕೊಳ್ಳೋಕೆ ಏನಾಗಿತ್ತು ಅಪ್ಪಂಗೆ? ಒಂಚೂರು ಗಮನ ಇಟ್ಟಿದ್ರೆ ಇವತ್ತು ಇರ್ತಿದ್ರು." ಅಪ್ಪನ ಮೇಲೆ ಅವಳಿಗೆ ಇನ್ನೂ ಸಿಟ್ಟಿದೆ. ಒಂದು ವರ್ಷದಿಂದ ಇತ್ತೆಂದು ನನಗೆ ಇವತ್ತೇ ತಿಳಿದದ್ದು.

ಕೇಳಿಸಿಕೊಂಡಿದ್ದರು ಹೂವಿ, ಅನ್ನಬೇಕೆನಿಸಿತು. ಮಾವನಿಗೆ ಮಾತು ಕೊಟ್ಟಿದ್ದೇನೆ. ಅವರ ಹೆಸರಿಗೆ ಹೀಗೆ ಕಳಂಕ ಬರುತ್ತಿದ್ದರೂ ಸುಮ್ಮನಿರಬೇಕೆ?

ಗನ್ ನನ್ನ ಮುಂದೆ ಹಿಡಿದಳು. "ಒಂದ್ಸಲ ಹಾಕಿ ತೋರ್ಸಿ. ಹೇಗೆ ಟಕ್ ಅನ್ನುತ್ತೆ ನಾನೂ ಕೇಳ್ಬೇಕು."

ಸ್ನಾನ ಮಾಡಿ ಬರುತ್ತೇನೆಂದು ಎದ್ದು ಬಂದು ಇಲ್ಲಿ ಕೂತಿದ್ದೇನೆ. ಕರೆಯುತ್ತಿದ್ದಾಳೆ. ಕುಂಕುಮ ಇನ್ನೂ ಹಸಿ. ತಿರುಗಿಸಿ ಟಕ್ ಅನ್ನದಿದ್ದರೆ ಕಾರಣ ಅವಳ ಕಣ್ಣಿಗೇ ಬೀಳುತ್ತದೆ. ಒರೆಸಿದರೆ—